ಗ್ಲೈಡರ್ ಕ್ಲಬ್ಬಿನಲ್ಲಿ ದಿನವಿಡೀ ನೆಲದ ಮೇಲೆ ಯಾಕೆ ನಿಲ್ಲಬೇಕು?

ಪ್ರಶ್ನೆ: ನಾನು ಹಾಸನದ ಕಡೆಯವನು. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ಇಲ್ಲೇ ಇದ್ದೇನೆ. ಈ ಬೇಸಿಗೆಯಲ್ಲಿ ಒಂದು ಗ್ಲೈಡಿಂಗ್ ಕ್ಲಬ್ ಸೇರಿದೆ. ಭಾನುವಾರ ಬೆಳಗ್ಗೆ ಎಂಟಕ್ಕೆ ಹೋದರೆ ಮನೆಗೆ ಬರುವಷ್ಟರಲ್ಲಿ ರಾತ್ರಿ. ಅಷ್ಟರಲ್ಲಿ ಹಾರಿದ್ದು ಎರಡೋ ಮೂರೋ ಸಲ, ಒಂದೊಂದೂ ಐದಾರು ನಿಮಿಷ. ಉಳಿದ ಹೊತ್ತೆಲ್ಲ ಗ್ಲೈಡರ್ ತಳ್ಳು, ರೆಕ್ಕೆ ಹಿಡಿ, ಕೇಬಲ್ ಸಿಕ್ಕಿಸು, ಟೈಮ್ ಬರಿ. ದುಡ್ಡು ಕೊಟ್ಟು ಕೂಲಿ ಮಾಡಿದ ಹಾಗಾಗುತ್ತಿದೆ. ಜೊತೆಗೆ ಒಳಗೊಳಗೇ ಹೆದರಿಕೆ. ಜನ ಜಾಸ್ತಿ ಇದ್ದ ದಿನ ಎಲ್ಲರೂ ಅವಸರದಲ್ಲಿರುತ್ತಾರೆ. ನನ್ನ ಕೈಯಿಂದ ಏನಾದರೂ ಎಡವಟ್ಟಾದರೆ? ಎಲ್ಲ ಕಡೆಯೂ ಹೀಗೇನಾ? ಇಂಡಿಯಾದಲ್ಲೂ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಕೂಲಿಯ ಮಾತಲ್ಲ, ಹೆದರಿಕೆಯ ಮಾತು. ಹೆದರಿಕೆ ಇದೆ ಅಂದರೆ ನೀವು ಮಾಡುತ್ತಿರುವ ಕೆಲಸದ ತೂಕ ನಿಮಗೆ ಆಗಲೇ ಗೊತ್ತಾಗಿದೆ ಅಂತ ಅರ್ಥ. ಇಲ್ಲಿನ ಕ್ಲಬ್ಬುಗಳಲ್ಲಿ ಬಹಳ ಕಾಲದಿಂದ ಕಲಿಸುತ್ತಿದ್ದೇನೆ. ನೆಲದ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳುವ ಹೊಸಬರನ್ನು ಕಂಡರೆ ನನಗೆ ಜಾಸ್ತಿ ಚಿಂತೆ. ನಿಮ್ಮಂಥವರ ಬಗ್ಗೆ ಅಷ್ಟು ಚಿಂತೆ ಇಲ್ಲ.

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. ಗ್ಲೈಡರ್‌ಗೆ ಎಂಜಿನ್ ಇಲ್ಲ. ಅದನ್ನು ಮೇಲಕ್ಕೆ ಯಾರಾದರೂ ಏರಿಸಲೇಬೇಕು. ಬ್ರಿಟನ್ನಿನ ಹೆಚ್ಚಿನ ಕ್ಲಬ್ಬುಗಳು ಸದಸ್ಯರೇ ಸೇರಿ ನಡೆಸುವಂಥವು. ಕಲಿಸುವವರಿಗೂ ಸಾಮಾನ್ಯವಾಗಿ ಸಂಬಳ ಇರುವುದಿಲ್ಲ. ವಿಂಚ್ (ಉದ್ದನೆಯ ಕೇಬಲ್ಲನ್ನು ಡ್ರಮ್ಮಿಗೆ ಸುತ್ತಿಕೊಂಡು ಗ್ಲೈಡರನ್ನು ಗಾಳಿಗೆ ಏರಿಸುವ ಯಂತ್ರ) ಓಡಿಸುವವರು, ಕೇಬಲ್ ಎಳೆದು ತರುವವರು, ರೆಕ್ಕೆ ಹಿಡಿಯುವವರು, ಲಾಗ್ ಬರೆಯುವವರು ಎಲ್ಲರೂ ತಾವೂ ಹಾರಬೇಕೆಂದು ಬಂದವರೇ. ಒಂದು ವಿಂಚ್ ಲಾಂಚಿಗೆ ನೀವು ಕೊಡುವ ದುಡ್ಡು ಅಷ್ಟು ಕಡಿಮೆ ಇರುವುದು ಇದರಿಂದಲೇ. ವಾರದ ದಿನಗಳಲ್ಲಿ ಕೋರ್ಸ್ ನಡೆಸುವ ದೊಡ್ಡ ಕ್ಲಬ್ಬುಗಳಲ್ಲಿ ಸಂಬಳದ ಸಿಬ್ಬಂದಿ ಇರುತ್ತಾರೆ. ಅಲ್ಲಿ ದಿನಕ್ಕೆ ಜಾಸ್ತಿ ಸಲ ಹಾರಬಹುದು, ದುಡ್ಡೂ ಜಾಸ್ತಿ ಕೊಡಬೇಕು. ಬೇಗ ಕಲಿಯುವ ಆಸೆ ಇದ್ದರೆ ವರ್ಷಕ್ಕೊಮ್ಮೆ ಅಂಥ ಒಂದು ವಾರದ ಕೋರ್ಸ್ ಮಾಡಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಭಾನುವಾರದ ನೆಲದ ಕೆಲಸದಲ್ಲಿ ಸಿಗುವ ಪಾಠ ಅಲ್ಲಿ ಪೂರ್ತಿ ಸಿಗುವುದಿಲ್ಲ.

ಏನು ಆ ಪಾಠ? ಒಂದೇ ಒಂದು ಲಾಂಚನ್ನು ಹತ್ತಿರದಿಂದ ನೋಡೋಣ.

ನಿಮ್ಮ ಎದುರಿಗೆ ಎರಡು ಸೀಟಿನ ಎಎಸ್‌ಕೆ 21 ನಿಂತಿದೆ ಅಂದುಕೊಳ್ಳಿ. ಜರ್ಮನಿಯ ಶ್ಲೈಷರ್ ಕಂಪನಿಯ ಗ್ಲೈಡರ್ ಇದು. ಕಲಿಸುವುದಕ್ಕೆ ಲೋಕದ ತುಂಬ ಬಳಸುತ್ತಾರೆ. ರೆಕ್ಕೆಯ ತುದಿಯಿಂದ ತುದಿಗೆ 17 ಮೀಟರ್, ಖಾಲಿ ತೂಕ ಸುಮಾರು 360 ಕಿಲೋ. ವಿಂಚ್ ಇರುವುದು ಮೈದಾನದ ಆ ತುದಿಯಲ್ಲಿ, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಚೆ. ನಡುವೆ ಹುಲ್ಲಿನ ಮೇಲೆ ಕೇಬಲ್ ಮಲಗಿದೆ. ಕೇಬಲ್ಲಿನ ಈ ತುದಿಯ ಕಡೆಗೆ ಒಂದು ಸಣ್ಣ ಪ್ಯಾರಾಚೂಟ್. ಗ್ಲೈಡರ್ ಕೇಬಲ್ ಬಿಟ್ಟ ಮೇಲೆ ಅದು ದಡಬಡ ಬೀಳದೆ ಮೆಲ್ಲಗೆ ಇಳಿಯಲಿ ಅಂತ. ಆಮೇಲೆ ವೀಕ್ ಲಿಂಕ್. ಇದು ಬೇಕೆಂದೇ ಕಡಿಮೆ ಶಕ್ತಿಯದಾಗಿ ಮಾಡಿದ ಲೋಹದ ಪಟ್ಟಿ. ಎಳೆತ ಮಿತಿ ಮೀರಿದರೆ ರೆಕ್ಕೆ ಮುರಿಯುವ ಮೊದಲು ಇದು ಮುರಿಯಬೇಕು. ಗ್ಲೈಡರ್ ಯಾವುದು ಅನ್ನುವುದರ ಮೇಲೆ ಲಿಂಕ್ ಬದಲಾಗುತ್ತದೆ. ಕಪ್ಪು, ಕಂದು, ಕೆಂಪು, ನೀಲಿ, ಬಿಳಿ, ಹಳದಿ, ಹೀಗೆ ಬಣ್ಣದಿಂದಲೇ ಗುರುತು. ಕಪ್ಪು ಎಲ್ಲಕ್ಕಿಂತ ಗಟ್ಟಿ. ಹಗುರವಾದ ಒಂದೇ ಸೀಟಿನ ಗ್ಲೈಡರ್‌ಗೆ ಭಾರಿ ಗ್ಲೈಡರಿನ ಲಿಂಕ್ ಹಾಕಿದರೆ ಆ ರಕ್ಷಣೆಯೇ ಹೋಯಿತು. ಕೇಬಲ್ ಸಿಕ್ಕಿಸುವವರು ಬಣ್ಣವನ್ನು ಪೈಲಟ್‌ಗೆ ತೋರಿಸಿ, ಬಾಯಿಬಿಟ್ಟು ಹೇಳಿ, ಅವರು ಹೂಂ ಅಂದ ಮೇಲೆಯೇ ಮುಂದುವರಿಯಬೇಕು. ಈ ಕೆಲಸವನ್ನು ನೀವು ಎಷ್ಟೋ ಸಲ ಮಾಡಿರುತ್ತೀರಿ. ಒಬ್ಬರ ರೆಕ್ಕೆ ಉಳಿಯುವುದೋ ಇಲ್ಲವೋ ಅನ್ನುವುದು ಆ ಎರಡು ಸೆಕೆಂಡಿನಲ್ಲಿ ನಿಮ್ಮ ಕೈಯಲ್ಲಿತ್ತು.

ಪೈಲಟ್ ಒಳಗೆ ತಪಾಸಣೆ ಮಾಡುತ್ತಿದ್ದಾರೆ. ಕಂಟ್ರೋಲ್, ಬ್ಯಾಲಸ್ಟ್ (ಸೀಟಿಗೆ ಹಾಕುವ ತೂಕ), ಬೆಲ್ಟು, ಮೀಟರುಗಳು, ಫ್ಲಾಪ್, ಟ್ರಿಮ್, ಕ್ಯಾನಪಿ (ತಲೆಯ ಮೇಲಿನ ಪಾರದರ್ಶಕ ಮುಚ್ಚಳ), ಬ್ರೇಕ್, ಕಡೆಗೆ ಏನಾದರೂ ಕೆಟ್ಟರೆ ಏನು ಮಾಡುತ್ತೇನೆ ಅನ್ನುವುದು. ಈ ಹೊತ್ತಿನಲ್ಲಿ ದಯವಿಟ್ಟು ಅವರನ್ನು ಮಾತಾಡಿಸಬೇಡಿ. ಊಟಕ್ಕೆ ಏನಿದೆ ಅಂತ ಕೇಳಿದರೂ ಸಾಕು, ಒಂದು ಅಂಶ ಬಿಟ್ಟುಹೋಗುತ್ತದೆ. ಅಕಸ್ಮಾತ್ ಮಾತಾಡಿಸಲೇಬೇಕಾಗಿ ಬಂದರೆ, ಮತ್ತೆ ಮೊದಲಿನಿಂದ ಶುರುಮಾಡಿ ಅಂತ ಹೇಳಿ.

ತಪಾಸಣೆ ಮುಗಿಯಿತು. ಪೈಲಟ್ ಹಳದಿ ಗುಂಡಿ ಎಳೆಯುತ್ತಾರೆ, ಹೊಟ್ಟೆಯ ಕೆಳಗಿನ ಕೊಕ್ಕೆ ತೆರೆಯುತ್ತದೆ. ನೀವು ಉಂಗುರ ಇಡುತ್ತೀರಿ, ಅವರು ಗುಂಡಿ ಬಿಡುತ್ತಾರೆ, ನೀವು ಒಮ್ಮೆ ಜಗ್ಗಿ ನೋಡುತ್ತೀರಿ. ಇಲ್ಲಿಂದ ಮುಂದೆ ಎಲ್ಲವೂ ರೆಕ್ಕೆ ಹಿಡಿದವರ ಕಣ್ಣಿನ ಮೇಲೆ.

ರೆಕ್ಕೆ ಹಿಡಿಯುವ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಹೊಸಬರಿಗೆ ಮೊದಲು ಸಿಗುವ ಕೆಲಸ ಇದು. ಎಲ್ಲರೂ ಸುಲಭ ಅಂದುಕೊಳ್ಳುವ ಕೆಲಸವೂ ಇದೇ. ಸುಮ್ನೆ ರೆಕ್ಕೆಯನ್ನು ಸಮಕ್ಕೆ ಹಿಡಿದರೆ ಆಯಿತು ಅಂತ ತಿಳಿಯುತ್ತಾರೆ. ಆ ತುದಿಯಲ್ಲಿ ನಿಂತವರಿಗೆ ಕಾಣುವುದು ಪೈಲಟ್‌ಗೆ ಕಾಣುವುದಿಲ್ಲ. ಪೈಲಟ್‌ಗೆ ಹಿಂದೆ ಏನೂ ಕಾಣದು. ನೆತ್ತಿಯ ಮೇಲೂ ಪೂರ್ತಿ ಕಾಣದು. ತನ್ನ ಬಾಲದ ಕೆಳಗೆ ಚಕ್ರದ ಡಾಲಿ ಇನ್ನೂ ಸಿಕ್ಕಿಕೊಂಡಿದೆಯಾ ಅನ್ನುವುದು ಅವರಿಗೆ ಗೊತ್ತಾಗಲು ದಾರಿಯೇ ಇಲ್ಲ. ಈ ಡಾಲಿಯನ್ನು ಗ್ಲೈಡರ್ ತಳ್ಳುವಾಗ ಬಾಲಕ್ಕೆ ಹಾಕುತ್ತೇವೆ. ತೆಗೆಯದೆ ಹಾರಿದರೆ ತೂಕ ಬಾಲದ ಕಡೆಗೆ ಸರಿದು ಗ್ಲೈಡರ್ ಹತೋಟಿ ತಪ್ಪಬಹುದು. ರೆಕ್ಕೆ ಎತ್ತುವ ಮೊದಲು ಬಾಲವನ್ನು ಒಮ್ಮೆ ನೋಡಿ. ಮೂಗಿನ ಕಡೆ ನೋಡಿ. ಕ್ಯಾನಪಿ ಪೂರ್ತಿ ಕೂತಿದೆಯಾ? ಇಳಿಯುವಾಗ ರೆಕ್ಕೆಯ ಮೇಲೆ ಏಳುವ ಹಲಗೆ, ಅಂದರೆ ಏರ್‌ಬ್ರೇಕ್, ಒಳಗೆ ಹೋಗಿದೆಯಾ? ಆಮೇಲೆ ಆಕಾಶ. ಹಿಂದಿನಿಂದ ಯಾರಾದರೂ ಇಳಿಯಲು ಬರುತ್ತಿದ್ದಾರಾ? ಮೇಲೆ ಯಾರಿದ್ದಾರೆ? ಹಿಂದಿನ ಲಾಂಚಿನ ಗ್ಲೈಡರ್ ದಾರಿಯಿಂದ ಸರಿದಿದೆಯಾ? ಎದುರಿನ ಹುಲ್ಲಿನಲ್ಲಿ ನಾಯಿ ಹಿಡಿದು ನಡೆಯುತ್ತಿರುವವರು ಯಾರಾದರೂ ಇದ್ದಾರಾ?

ಇಷ್ಟು ನೋಡಿದ ಮೇಲೆಯೇ “ಮೇಲೆ, ಹಿಂದೆ ಖಾಲಿ” ಅನ್ನುವ ಮಾತು ಬಾಯಿಂದ ಬರಬೇಕು. ಅಭ್ಯಾಸಬಲದಿಂದ ಬಂದರೆ ಅದಕ್ಕೆ ಬೆಲೆ ಇಲ್ಲ. ಲಾಷಮ್‌ನಂಥ ಕಡೆ ಇದರ ಮಹತ್ವ ಕಣ್ಣಿಗೆ ಕಟ್ಟುತ್ತದೆ. ಹ್ಯಾಂಪ್‌ಶೈರ್‌ನ ಈ ಮೈದಾನ ಎರಡನೇ ಮಹಾಯುದ್ಧದ ಕಾಲದ್ದು, ಈಗ ಲೋಕದ ದೊಡ್ಡ ಗ್ಲೈಡಿಂಗ್ ತಾಣಗಳಲ್ಲಿ ಒಂದು. ಬೇಸಿಗೆಯ ರಜಾದಿನ ಅಲ್ಲಿ ಒಂದು ಕಡೆ ವಿಂಚ್ ಎಳೆಯುತ್ತಿರುತ್ತದೆ, ಇನ್ನೊಂದು ಕಡೆ ವಿಮಾನ ಗ್ಲೈಡರನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತಿರುತ್ತದೆ, ನಡುವೆ ಇಳಿಯುವವರ ಸಾಲು. ಅಂಥ ದಿನ ತುದಿಯಲ್ಲಿ ನಿಂತವರು ಒಮ್ಮೆ ಕತ್ತು ತಿರುಗಿಸದಿದ್ದರೆ ಆ ಒಂದು ದಿಕ್ಕನ್ನು ಯಾರೂ ನೋಡಲಿಲ್ಲ ಅಂತಲೇ ಅರ್ಥ.

ಹಿಡಿಯುವ ಕ್ರಮವೂ ಇದೆ. ಬೆರಳುಗಳಿಂದ ಹಗುರಾಗಿ ಹಿಡಿಯಿರಿ. ಮುಷ್ಟಿ ಬಿಗಿಯಬೇಡಿ. ಹಗುರಾಗಿ ಹಿಡಿದರೆ ಗಾಳಿ ಯಾವ ಕಡೆಗೆ ರೆಕ್ಕೆಯನ್ನು ಒತ್ತುತ್ತಿದೆ ಅಂತ ಕೈಗೇ ತಿಳಿಯುತ್ತದೆ. ಗ್ಲೈಡರ್ ಹೊರಟಾಗ ಹಿಂದಕ್ಕೂ ಎಳೆಯಬಾರದು, ಮುಂದಕ್ಕೂ ತಳ್ಳಬಾರದು. ಎಳೆದರೆ ಮೂಗು ನಿಮ್ಮ ಕಡೆಗೆ ತಿರುಗುತ್ತದೆ. ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಅದು ನಿಮ್ಮ ಕೈಯಿಂದ ತಾನೇ ಜಾರಿ ಹೋಗಲಿ. ವಿಂಚ್ ಲಾಂಚಿನಲ್ಲಿ ನಿಂತ ಗ್ಲೈಡರ್ ಮೂರ್ನಾಲ್ಕು ಸೆಕೆಂಡಿನಲ್ಲಿ ನೆಲ ಬಿಡುತ್ತದೆ. ಓಡಿ ಸೋಲುವುದು ಗ್ಯಾರಂಟಿ.

ಆ ಮೂರ್ನಾಲ್ಕು ಸೆಕೆಂಡೇ ಅಪಾಯದ ಹೊತ್ತು. ಒಂದು ರೆಕ್ಕೆ ಕೆಳಗೆ ಬಿದ್ದು ಹುಲ್ಲಿಗೆ ಸಿಕ್ಕಿಕೊಂಡರೆ ಗ್ಲೈಡರ್ ಆ ತುದಿಯ ಸುತ್ತ ತಿರುಗಿ ಮಗುಚಬಹುದು. ಇದರಿಂದ ಜನ ಸತ್ತಿದ್ದಾರೆ. ವಿಂಚ್ ಅಪಘಾತಗಳು ಕಡಿಮೆಯಾಗಲೇಬೇಕು ಅಂತ ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ 2005ರಲ್ಲಿ ಒಂದು ಅಭಿಯಾನ ಶುರುಮಾಡಿತು. ಅದರಲ್ಲಿ ಪೈಲಟ್‌ಗಳ ಮನಸ್ಸಿನಲ್ಲಿ ಅಚ್ಚೊತ್ತಿದ ಒಂದು ಮಾತು: ಎಡಗೈ ಹಳದಿ ಗುಂಡಿಯ ಮೇಲೇ ಇರಲಿ, ರೆಕ್ಕೆಯನ್ನು ಸಮಕ್ಕೆ ಇಡಲು ಆಗುತ್ತಿಲ್ಲ ಅನ್ನಿಸಿದ ಕೂಡಲೇ ಅದು ನೆಲ ಮುಟ್ಟುವ ಮೊದಲೇ ಕೇಬಲ್ ಬಿಡಿ. ಆ ನಂತರದ ವರ್ಷಗಳಲ್ಲಿ ಸಾವು ಮತ್ತು ದೊಡ್ಡ ಗಾಯಗಳು ಗಣನೀಯವಾಗಿ ಇಳಿದವು. ಇದರಲ್ಲಿ ನೆಲದವರ ಪಾಲೂ ಇದೆ. ಹುಲ್ಲು ಉದ್ದ ಬೆಳೆದ ಜಾಗದಲ್ಲಿ ಗ್ಲೈಡರ್ ನಿಲ್ಲಿಸದಿರುವುದು, ಕೇಬಲ್ಲಿಗೆ ನೇರವಾಗಿ ನಿಲ್ಲಿಸುವುದು, ರೆಕ್ಕೆಯನ್ನು ಸಮಕ್ಕೆ ಹಿಡಿದು ಬಿಡುವುದು ನಿಮ್ಮ ಕೆಲಸ ತಾನೇ?

ಇನ್ನು ಸಿಗ್ನಲ್. ಒಂದು ಕಿಲೋಮೀಟರ್ ಆಚೆ ಕೂತ ವಿಂಚ್ ಡ್ರೈವರ್‌ಗೆ ನಿಮ್ಮ ಗ್ಲೈಡರ್ ಒಂದು ಬಿಳಿ ಚುಕ್ಕೆ. ನಿಮ್ಮ ಕೂಗು ಅವರಿಗೆ ಕೇಳುವುದಿಲ್ಲ. ಅವರಿಗೆ ಸಿಗುವುದು ದೀಪ ಮತ್ತು ರೇಡಿಯೋ. ದೀಪ ನಿಧಾನವಾಗಿ ಮಿನುಗಿದರೆ ಕೇಬಲ್ಲಿನ ಸಡಿಲವನ್ನು ಎಳೆದುಕೊಳ್ಳಿ ಅಂತ. ಬೇಗ ಬೇಗ ಮಿನುಗಿದರೆ ಪೂರ್ತಿ ಎಳೆಯಿರಿ ಅಂತ. ಮಿನುಗದೆ ಹತ್ತಿಯೇ ಇದ್ದರೆ ನಿಲ್ಲಿಸಿ ಅಂತ. ಕೈಸನ್ನೆಯೂ ಇದೆ. ಕೈಯನ್ನು ಸೊಂಟದ ಕೆಳಗೆ ಬೀಸಿದರೆ ಮೊದಲನೆಯದು, ತಲೆಯ ಮೇಲೆ ಬೀಸಿದರೆ ಎರಡನೆಯದು, ಎರಡೂ ಕೈ ನೆಟ್ಟಗೆ ಮೇಲೆತ್ತಿದರೆ ನಿಲ್ಲಿಸಿ. ಸಡಿಲ ಹೋಗಿ ಕೇಬಲ್ ಬಿಗಿಯಾಗುವ ಮುಂಚೆಯೇ ಎರಡನೇ ಸಿಗ್ನಲ್ ಕೊಟ್ಟರೆ ಗ್ಲೈಡರ್‌ಗೆ ಜೋರಾದ ಎಳೆತ ಬಿದ್ದು ಅದು ಕೇಬಲ್ಲಿನ ಮೇಲೇ ಉರುಳಬಹುದು. ಕೇಬಲ್ ಬಿಗಿಯಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಕೊಡಿ.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ. ನಿಮಗೆ ಏನೋ ಸರಿ ಇಲ್ಲ ಅನ್ನಿಸಿತು. ಖಚಿತವಾಗಿ ಗೊತ್ತಿಲ್ಲ. ನೀವು ಹೊಸಬರು, ಸುತ್ತ ನಿಂತವರೆಲ್ಲ ಇಪ್ಪತ್ತು ಮೂವತ್ತು ವರ್ಷದಿಂದ ಹಾರುತ್ತಿರುವವರು. ಹಿಂದೆ ಎಂಟು ಗ್ಲೈಡರುಗಳ ಸಾಲು. ಈಗ ಏನು ಮಾಡಬೇಕು?

“ಸ್ಟಾಪ್” ಅಂತ ಕೂಗಿ. ಜೋರಾಗಿ, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ.

ಯಾರ ಅಪ್ಪಣೆಯೂ ಬೇಡ. ಮೈದಾನದಲ್ಲಿ ಇರುವ ಯಾರು ಬೇಕಾದರೂ ಕೂಗಬಹುದು. ಅವತ್ತೇ ಮೊದಲ ಸಲ ಬಂದವರು, ಹತ್ತು ವರ್ಷದ ಮಗು, ಟೀ ತಂದುಕೊಡಲು ಬಂದ ಹೆಂಡತಿ, ಯಾರೇ ಆದರೂ. ಕೇಳಿದವರು ಅದನ್ನೇ ಪುನಃ ಕೂಗಬೇಕು, ಸಿಗ್ನಲ್ ಕೊಡುವವರು ದೀಪ ಹತ್ತಿಸಿಯೇ ಇಡಬೇಕು, ಪೈಲಟ್ ಕೇಬಲ್ ಬಿಡಬೇಕು. ಯಾಕೆ ಅನ್ನುವ ಪ್ರಶ್ನೆ ಆಮೇಲೆ. ನಮ್ಮೂರಲ್ಲಿ ತೇರು ಎಳೆಯುವಾಗ ಹಗ್ಗ ಹಿಡಿದವರು ನೂರಾರು ಜನ. ಚಕ್ರದ ಪಕ್ಕ ಮರದ ತುಂಡು ಹಿಡಿದು ಬಗ್ಗಿ ನಡೆಯುವವನು ಕೂಗಿದರೆ ಅಷ್ಟೂ ಜನ ಹಗ್ಗ ಸಡಿಲ ಬಿಡುತ್ತಾರೆ. ಅವನಿಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಲಾಂಚ್ ಪಾಯಿಂಟಿನಲ್ಲಿ ಆ ಜಾಗ ಎಲ್ಲರದೂ.

ಒಂದು ಎಚ್ಚರ ಮಾತ್ರ. ಗ್ಲೈಡರ್ ನೆಲ ಬಿಟ್ಟು ಮೂಗೆತ್ತಿ ಏರಲು ಶುರುಮಾಡಿದ ಮೇಲೆ ಕೇಬಲ್ ನಿಲ್ಲಿಸುವುದೇ ಹೊಸ ತೊಂದರೆ ತರಬಹುದು. ಕಡಿಮೆ ಎತ್ತರದಲ್ಲಿ ಎಳೆತ ನಿಂತರೆ ಪೈಲಟ್‌ಗೆ ಅದು ಕೇಬಲ್ ತುಂಡಾದ ಹಾಗೆಯೇ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ನಿಮ್ಮ ಕ್ಲಬ್ಬಿನ ಡ್ಯೂಟಿ ಇನ್‌ಸ್ಟ್ರಕ್ಟರ್ ಹತ್ತಿರ ಮೊದಲೇ ಕೇಳಿ ತಿಳಿದುಕೊಳ್ಳಿ. ನೋಡಬೇಕಾದ್ದನ್ನೆಲ್ಲ ಸಡಿಲ ಎಳೆಯುವ ಮುಂಚೆಯೇ ನೋಡಿ ಮುಗಿಸಿ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದೂ ಅದಕ್ಕೇ.

ಕೂಗಿದ್ದು ಸುಳ್ಳು ಎಚ್ಚರಿಕೆ ಆದರೆ? ಹೋಗುವುದು ಎರಡು ನಿಮಿಷ. ಒಳ್ಳೆಯ ಕ್ಲಬ್ಬಿನಲ್ಲಿ ಪೈಲಟ್ ಕ್ಯಾನಪಿ ತೆರೆದು ನಿಮಗೆ ಥ್ಯಾಂಕ್ಸ್ ಹೇಳುತ್ತಾರೆ. ಯಾರಾದರೂ ಮುಖ ಸಿಂಡರಿಸಿದರೆ ತಪ್ಪು ಅವರದು. ಅದನ್ನು ಅವತ್ತೇ ಮುಖ್ಯ ಇನ್‌ಸ್ಟ್ರಕ್ಟರ್ ಕಿವಿಗೆ ಹಾಕಿ. ಹೊಸಬರು ಕೂಗಲು ಹಿಂಜರಿಯುವ ಮೈದಾನದಲ್ಲಿ ನಾನಂತೂ ಗ್ಲೈಡರಿನಲ್ಲಿ ಕೂರಲು ಇಷ್ಟಪಡುವುದಿಲ್ಲ.

ಅವಸರದ ವಿಷಯ. ಜನ ಜಾಸ್ತಿ ಇದ್ದ ದಿನ ಎಲ್ಲರೂ ಬೇಗ ಬೇಗ ಅನ್ನುತ್ತಾರೆ, ನಿಜ. ಆದರೆ ಹೊತ್ತು ಎಲ್ಲಿ ಹೋಗುತ್ತದೆ ಅಂತ ಒಮ್ಮೆ ಗಮನಿಸಿ. ಲಾಂಚ್ ಅಂದರೆ ನೆಲದಿಂದ ಕೇಬಲ್ ಬಿಡುವವರೆಗೆ ಒಂದು ನಿಮಿಷವೂ ಇಲ್ಲ. ಕಿಲೋಮೀಟರ್ ಕೇಬಲ್ ಇದ್ದರೆ ಅಷ್ಟರಲ್ಲಿ 350ರಿಂದ 400 ಮೀಟರ್ ಎತ್ತರ ಸಿಗುತ್ತದೆ. ಉಳಿದದ್ದೆಲ್ಲ ನಡುವಿನ ಹೊತ್ತು. ಗ್ಲೈಡರ್ ಸಾಲಿನ ಮುಂದಕ್ಕೆ ಬಂದ ಮೇಲೆ ಪೈಲಟ್ ತಾವು ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಚೂಟ್ ಹುಡುಕಲು ಹೋಗುತ್ತಾರೆ. ಹಗುರ ಮೈಯವರಿಗೆ ಸೀಟಿಗೆ ಹಾಕುವ ತೂಕ ಟ್ರೇಲರಿನಲ್ಲೇ ಇರುತ್ತದೆ. ಇಳಿದ ಗ್ಲೈಡರ್ ಮೈದಾನದ ನಡುವೆ ನಿಂತಿದೆ, ಅದನ್ನು ತರಲು ಯಾರು ಹೋಗಬೇಕು ಅಂತ ಎಲ್ಲರೂ ಎಲ್ಲರ ಮುಖ ನೋಡುತ್ತಾರೆ. ಲಾಂಚಿಗೆ ಎರಡೇ ನಿಮಿಷ ಹೀಗೆ ಹೋಯಿತು ಅನ್ನಿ. ದಿನಕ್ಕೆ ಅರವತ್ತು ಲಾಂಚ್ ಆದರೆ ಎರಡು ಗಂಟೆ. ಅಂದರೆ ನೀವು ಹಾರಬೇಕಾಗಿದ್ದ ಮೂರನೇ ಹಾರಾಟ ಅಲ್ಲೇ ಹೋಯಿತು.

ಚುರುಕಾದ ಮೈದಾನದಲ್ಲಿ ಯಾರೂ ಓಡುವುದಿಲ್ಲ. ಒಂದು ಗ್ಲೈಡರ್ ಏರುತ್ತಿರುವಾಗಲೇ ಮುಂದಿನ ಗ್ಲೈಡರಿನಲ್ಲಿ ಪೈಲಟ್ ಬೆಲ್ಟ್ ಬಿಗಿದು ಕೂತಿರುತ್ತಾರೆ. ಅವರಿಗೆ ಬೇಕಾದ ಬಣ್ಣದ ಲಿಂಕ್ ಕೈಗೆ ಸಿಗುವಲ್ಲಿ ಇರುತ್ತದೆ. ಇಳಿಯುತ್ತಿರುವ ಗ್ಲೈಡರನ್ನು ನೋಡಿದ ಕೂಡಲೇ ಯಾರೋ ಒಬ್ಬರು ಅದನ್ನು ಎಳೆದು ತರುವ ಗಾಡಿಯ ಕೀ ತೆಗೆದುಕೊಂಡಿರುತ್ತಾರೆ. ಪಕ್ಕದವರಿಗೆ ಮುಂದೆ ಏನು ಬೇಕಾಗುತ್ತದೆ ಅಂತ ಅವರು ಕೇಳುವ ಮುಂಚೆ ಯೋಚಿಸುವುದು, ಇಷ್ಟೇ. ಹಾಗೆ ಯೋಚಿಸುವವರು ಇದ್ದಲ್ಲಿ ಪೈಲಟ್‌ಗೆ ತಪಾಸಣೆಗೆ ಬೇಕಾದಷ್ಟು ಹೊತ್ತು ಸಿಗುತ್ತದೆ, ಯಾರೂ ಅವರ ತಲೆಯ ಮೇಲೆ ನಿಂತು ಬೇಗ ಬೇಗ ಅನ್ನಬೇಕಾಗುವುದಿಲ್ಲ. ಬೇಗ ಆಗುವುದೂ ಕ್ಷೇಮವಾಗಿ ಆಗುವುದೂ ಅಲ್ಲಿ ಒಟ್ಟಿಗೇ ಬರುತ್ತವೆ. ನಾನು ಇದನ್ನು ಕಂಡಷ್ಟು ಸ್ಪಷ್ಟವಾಗಿ ಬೇರೆ ಯಾವುದನ್ನೂ ಈ ಕ್ರೀಡೆಯಲ್ಲಿ ಕಂಡಿಲ್ಲ.

ಕೇಬಲ್ ಬಗ್ಗೆ ಮಾತ್ರ ರಾಜಿ ಬೇಡ. ವಿಂಚಿನಲ್ಲಿ ಸಾಮಾನ್ಯವಾಗಿ ಎರಡು ಡ್ರಮ್ ಇರುತ್ತವೆ, ಕೆಲವು ಕಡೆ ಆರೂ ಇರುತ್ತವೆ. ಹಾಗಾಗಿ ಒಂದು ಕೇಬಲ್ ಓಡುತ್ತಿರುವಾಗ ಇನ್ನೊಂದು ಪಕ್ಕದಲ್ಲೇ ಮಲಗಿರುತ್ತದೆ. ಓಡುವ ಕೇಬಲ್ ಅದಕ್ಕೆ ಸಿಕ್ಕಿಕೊಂಡರೆ ಮಲಗಿದ್ದದ್ದೂ ಕ್ಷಣದಲ್ಲಿ ಎದ್ದು ಹೊರಡುತ್ತದೆ. ಅದಕ್ಕೇ ಒಂದು ಲಾಂಚ್ ನಡೆಯುವಾಗ ಇನ್ನೊಂದು ಕೇಬಲ್ಲನ್ನು ಯಾವ ಗ್ಲೈಡರಿಗೂ ಸಿಕ್ಕಿಸುವುದಿಲ್ಲ, ಯಾರೂ ಮುಟ್ಟುವುದಿಲ್ಲ, ಅದರ ಹತ್ತಿರ ನಿಲ್ಲುವುದೂ ಇಲ್ಲ. ಕೇಬಲ್ ದಾಟಬೇಕಾದರೆ ವಿಂಚ್ ನಿಂತಿದೆ ಅಂತ ಖಾತ್ರಿ ಮಾಡಿಕೊಂಡು ದಾಟಿ. ಉಕ್ಕಿನ ಕೇಬಲ್ ಆದರೆ ಗ್ಲೌಸ್ ಇಲ್ಲದೆ ಹಿಡಿಯಬೇಡಿ, ಮುರಿದ ಎಳೆ ಕೈಯನ್ನು ಸೀಳಿಬಿಡುತ್ತದೆ. ಈಗ ಎಷ್ಟೋ ಕಡೆ ಹಗುರವಾದ ಕೃತಕ ನಾರಿನ ಕೇಬಲ್ ಬಂದಿದೆ, ಅದನ್ನು ಹಿಡಿಯುವುದು ಸಲೀಸು. ಹಾಗಂತ ಎಳೆತ ಕಡಿಮೆಯೇನಲ್ಲ.

ಕೇಬಲ್ ಎಳೆದು ತರುವ ಗಾಡಿ ಓಡಿಸಲು ನಿಮ್ಮನ್ನು ಕರೆದರೆ ಹೋಗಿ. ಒಂದೇ ವೇಗದಲ್ಲಿ ಬನ್ನಿ. ಫಕ್ಕನೆ ಬ್ರೇಕ್ ಹಾಕಿದರೆ ಅತ್ತ ಡ್ರಮ್ ತಿರುಗುತ್ತಲೇ ಇದ್ದು ಕೇಬಲ್ ಗಂಟುಗಂಟಾಗುತ್ತದೆ. ಅದನ್ನು ಬಿಡಿಸುವ ಹೊತ್ತಿಗೆ ಎಲ್ಲರ ಮಧ್ಯಾಹ್ನ ಮುಗಿದಿರುತ್ತದೆ.

ಇಳಿದ ಗ್ಲೈಡರ್ ತರುವುದಕ್ಕೂ ನಾಲ್ಕು ಮಾತು. ಅದು ಪೂರ್ತಿ ನಿಲ್ಲುವವರೆಗೆ ಹತ್ತಿರ ಹೋಗಬೇಡಿ, ಅದರ ಹಿಂದೆಯೇ ಇನ್ನೊಂದು ಇಳಿಯುತ್ತಿದೆಯಾ ಅಂತ ನೋಡಿ. ರೆಕ್ಕೆಯ ಹಿಂದಿನ ಅಂಚನ್ನು, ಕ್ಯಾನಪಿಯನ್ನು, ಬಾಲದ ಅಲುಗಾಡುವ ಭಾಗಗಳನ್ನು ತಳ್ಳಬೇಡಿ. ಗಾಡಿಗೆ ಕಟ್ಟಿ ಎಳೆಯುವುದಾದರೆ ಹಗ್ಗ ಅರ್ಧ ರೆಕ್ಕೆಗಿಂತ ಉದ್ದ ಇರಬೇಕು. ಇಲ್ಲದಿದ್ದರೆ ಗ್ಲೈಡರ್ ತಿರುಗಿದಾಗ ರೆಕ್ಕೆ ಗಾಡಿಗೇ ಬಡಿಯುತ್ತದೆ. ವೇಗ ನಡಿಗೆಯಷ್ಟು. ತುದಿ ಹಿಡಿದವರು ಆಚೆ ಕಡೆಯ ತುದಿಯ ಮೇಲೂ ಕಣ್ಣಿಟ್ಟಿರಬೇಕು. ನಿಲ್ಲಿಸಿದ ಮೇಲೆ ಗಾಳಿ ಬರುವ ಕಡೆಯ ರೆಕ್ಕೆ ಕೆಳಗಿರಲಿ, ಅದರ ಮೇಲೆ ಟೈರ್ ಇಟ್ಟು ಬನ್ನಿ. ಖಾಲಿ ಗ್ಲೈಡರ್ ಗಾಳಿಗೆ ಎಷ್ಟು ಹಗುರ ಅಂತ ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಲಾಗ್ ಬರೆಯುವುದು ಗುಮಾಸ್ತಗಿರಿ ಅನ್ನಿಸಿರಬೇಕು ನಿಮಗೆ. ಯಾವ ಗ್ಲೈಡರ್, ಯಾರು, ಎಷ್ಟಕ್ಕೆ ಹೊರಟರು, ಎಷ್ಟಕ್ಕೆ ಬಂದರು. ದುಡ್ಡಿನ ಲೆಕ್ಕಕ್ಕೆ ಅದು ಬೇಕು, ನಿಜ. ಆದರೆ ಸಂಜೆ ಮೋಡ ಕವಿದು ಬೆಳಕು ಇಳಿಯುವಾಗ ಇನ್ನೂ ಯಾರು ವಾಪಸ್ ಬಂದಿಲ್ಲ ಅಂತ ಹೇಳುವುದು ಅದೊಂದೇ ಹಾಳೆ. ಒಬ್ಬರು ಇಳಿದ ಟೈಮ್ ಬರೆಯಲು ಮರೆತರೆ ಇಲ್ಲದ ಗ್ಲೈಡರಿಗಾಗಿ ಹುಡುಕಾಟ ಶುರುವಾಗುತ್ತದೆ. ಬರದವರನ್ನು ಬಂದರು ಅಂತ ಬರೆದರೆ ಯಾರೂ ಹುಡುಕುವುದೇ ಇಲ್ಲ. ದೂರ ಹಾರಿ ಎಲ್ಲೋ ಗದ್ದೆಯಲ್ಲಿ ಇಳಿದವರನ್ನು ಟ್ರೇಲರ್ ಕಟ್ಟಿಕೊಂಡು ಕರೆತರಲು ಹೋಗುವವರೂ ಇದೇ ಸಾಲಿನಿಂದಲೇ ಬರಬೇಕು. ಒಮ್ಮೆ ಹೋಗಿಬನ್ನಿ. ರೈತರ ಹತ್ತಿರ ಮಾತಾಡುವುದು, ಗೇಟು ಮುಚ್ಚಿ ಬರುವುದು, ಕತ್ತಲಲ್ಲಿ ರೆಕ್ಕೆ ಬಿಚ್ಚುವುದು, ಎಲ್ಲ ಕಲಿಯುತ್ತೀರಿ.

ಈ ಪದ್ಧತಿ ಕ್ಲಬ್ಬುಗಳು ದುಡ್ಡು ಉಳಿಸಲು ಮಾಡಿಕೊಂಡ ಉಪಾಯ ಅಂತ ಮಾತ್ರ ತಿಳಿಯಬೇಡಿ. ಈ ಕ್ರೀಡೆ ಹುಟ್ಟಿದ್ದೇ ಹಾಗೆ. ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಲ್ಲಿ 1920ರಲ್ಲಿ ಗ್ಲೈಡರ್ ಸ್ಪರ್ಧೆ ಶುರುವಾಯಿತು. ಆ ಕಾಲದಲ್ಲಿ ಬೆಟ್ಟದಿಂದ ಹಾರಿಸುವ ಕ್ರಮ ರಬ್ಬರ್ ಹಗ್ಗದ್ದು. ಹಗ್ಗವನ್ನು ಗ್ಲೈಡರಿನ ಮೂಗಿಗೆ ಸಿಕ್ಕಿಸಿ, ಎರಡು ಕಡೆ ಕೆಲವರು ಹಿಡಿದು ಇಳಿಜಾರಿನಲ್ಲಿ ಓಡುತ್ತಿದ್ದರು, ಬಾಲವನ್ನು ಹಿಂದಿನಿಂದ ಹಿಡಿದವರು ಹೊತ್ತು ನೋಡಿ ಬಿಡುತ್ತಿದ್ದರು. ಎಳೆಯಿರಿ, ಓಡಿ, ಬಿಡಿ, ಮೂರೇ ಆಜ್ಞೆ. ಗೆಳೆಯರ ಕಾಲೇ ಎಂಜಿನ್. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಲಾಂಗ್ ಮಿಂಡ್ ಅನ್ನುವ ಉದ್ದನೆಯ ಗುಡ್ಡ ಇದೆ. ಅಲ್ಲಿನ ಮಿಡ್‌ಲ್ಯಾಂಡ್ ಗ್ಲೈಡಿಂಗ್ ಕ್ಲಬ್ಬಿನವರು ಪಡುವಣ ಗಾಳಿ ಚೆನ್ನಾಗಿ ಬೀಸಿದ ದಿನ ಇವತ್ತಿಗೂ ಹಾಗೆ ಹಾರಿಸುವುದುಂಟು. ಅವಕಾಶ ಸಿಕ್ಕರೆ ಹೋಗಿ ಒಮ್ಮೆ ಆ ಹಗ್ಗ ಹಿಡಿದು ಓಡಿ. ಇನ್ನೊಬ್ಬರನ್ನು ಗಾಳಿಗೆ ಏರಿಸುವುದು ಅಂದರೇನು ಅಂತ ಕಾಲಿಗೇ ಗೊತ್ತಾಗುತ್ತದೆ.

ಇಂಡಿಯಾದ ಬಗ್ಗೆ ಕೇಳಿದ್ದೀರಿ. ನಮ್ಮವರಿಗೆ ಹತ್ತಿರದ ಹೆಸರಾಂತ ಜಾಗ ಅಂದರೆ ಪುಣೆಯ ಹಡಪ್‌ಸರ್ ಗ್ಲೈಡಿಂಗ್ ಕೇಂದ್ರ. ಅಲ್ಲೂ ವಿಂಚ್‌ನಿಂದಲೇ ಹಾರಿಸುವ ಪದ್ಧತಿ. ಅದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಬಹಳ ಕಾಲ ನಡೆಸಿದ ಕೇಂದ್ರ, ಇಲ್ಲಿನ ಹಾಗೆ ಸದಸ್ಯರೇ ಕಟ್ಟಿ ನಡೆಸುವ ಕ್ಲಬ್ ಅಲ್ಲ. ಹಾಗಾಗಿ ಅಲ್ಲಿಗೆ ಒಮ್ಮೆ ಹಾರಿ ಬರಲು ಹೋದವರಿಗೆ ನೆಲದ ಕೆಲಸದ ರುಚಿ ಅಷ್ಟಾಗಿ ಸಿಗದು. ಊರಿಗೆ ಹೋದಾಗ, ಈಗ ಹಾರಾಟ ನಡೆಯುತ್ತಿದೆಯಾ ಅಂತ ವಿಚಾರಿಸಿಕೊಂಡು, ಒಮ್ಮೆ ನೋಡಿಬನ್ನಿ. ಕೇಬಲ್, ಪ್ಯಾರಾಚೂಟ್, ರೆಕ್ಕೆ ಹಿಡಿಯುವವರು, ಎಲ್ಲವೂ ಗುರುತು ಸಿಗುತ್ತವೆ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆಲವು ಕ್ಲಬ್ಬುಗಳಲ್ಲಿ ಹೊಸಬರು ಬಿಸಿಲಿನಲ್ಲಿ ತಳ್ಳುತ್ತಾರೆ, ಹಳಬರು ತಮ್ಮ ಗ್ಲೈಡರ್ ಹಾರಿಸಿ ಬಂದು ಕುರ್ಚಿ ಹಾಕಿ ಕೂರುತ್ತಾರೆ. ಅದು ತಂಡದ ಕೆಲಸವೇ ಅಲ್ಲ. ನಿಮ್ಮಲ್ಲೂ ಹೀಗೆ ಇದ್ದರೆ ಒಳಗೊಳಗೇ ಕುದಿಯಬೇಡಿ. ಡ್ಯೂಟಿ ಪಟ್ಟಿ ಇದೆಯಾ, ಒಂದೊಂದು ಕೆಲಸ ಎಷ್ಟು ಹೊತ್ತಿಗೆ ಬದಲಾಗುತ್ತದೆ ಅಂತ ಕೇಳಿ. ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತು ದಣಿದವರು ಆಕಾಶ ನೋಡುವುದನ್ನು ಬಿಡುತ್ತಾರೆ, ಹಾಗಾಗಿ ಇದು ನ್ಯಾಯದ ಪ್ರಶ್ನೆಯಷ್ಟೇ ಅಲ್ಲ, ಕ್ಷೇಮದ ಪ್ರಶ್ನೆಯೂ ಹೌದು. ಟೋಪಿ, ನೀರು, ಗಟ್ಟಿ ಶೂ ಇಟ್ಟುಕೊಳ್ಳಿ. ರೆಕ್ಕೆ ಹಿಡಿದಾಗ ಫೋನ್ ಜೇಬಿನಲ್ಲೇ ಇರಲಿ.

ಮತ್ತೆ, ನಿಂತಲ್ಲೇ ಹಾರುವುದನ್ನು ಕಲಿಯಿರಿ. ದಿನಕ್ಕೆ ಹತ್ತಾರು ಲಾಂಚ್, ಹತ್ತಾರು ಲ್ಯಾಂಡಿಂಗ್ ನಿಮ್ಮ ಕಣ್ಣೆದುರೇ ಆಗುತ್ತವೆ. ಇಳಿಯಲು ಬರುವ ಪ್ರತಿ ಗ್ಲೈಡರನ್ನೂ ನೋಡಿ, ಎಲ್ಲಿ ಮುಟ್ಟುತ್ತದೆ ಅಂತ ಮನಸ್ಸಿನಲ್ಲೇ ಗುರುತು ಹಾಕಿ. ಮೂಗು ಜಾಸ್ತಿ ಎತ್ತಿದ್ದಾರಾ, ಏರ್‌ಬ್ರೇಕ್ ಯಾವಾಗ ತೆರೆದರು? ಇನ್‌ಸ್ಟ್ರಕ್ಟರ್ ಬೇಕೆಂದೇ ಕೇಬಲ್ ಬಿಟ್ಟು ಅಭ್ಯಾಸ ಮಾಡಿಸುವಾಗ ಇನ್ನೂ ಹತ್ತಿರದಿಂದ ನೋಡಿ. ಮೊದಲು ಮೂಗು ಕೆಳಗೆ ಹೋಗುತ್ತದೆ, ವೇಗ ಬರುವವರೆಗೆ ಕಾಯುತ್ತಾರೆ, ಆಮೇಲಷ್ಟೇ ನೇರ ಇಳಿಯುವುದೋ ತಿರುಗುವುದೋ ಅಂತ ತೀರ್ಮಾನ. ನಿಮ್ಮ ಸರದಿ ಬಂದಾಗ ಈ ಕ್ರಮ ಹೊಸದಾಗಿ ಇರುವುದಿಲ್ಲ.

ಹಾರುವ ಸರದಿ ಜಾಸ್ತಿ ಬೇಕಾದರೆ ಬೆಳಗ್ಗೆ ಹ್ಯಾಂಗರ್ ಬಾಗಿಲು ತೆರೆಯುವಾಗಲೇ ಹೋಗಿ, ಪಟ್ಟಿಯಲ್ಲಿ ಹೆಸರು ಬರೆಸಿ. ಆಗುವುದಾದರೆ ವಾರದ ನಡುವೆ ಒಂದು ದಿನ ರಜೆ ಹಾಕಿ, ಕ್ಯೂ ಅರ್ಧವೂ ಇರುವುದಿಲ್ಲ.

ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಡ್ಯೂಟಿ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಕೊಂಡು ಅರ್ಧ ಗಂಟೆ ವಿಂಚ್ ಡ್ರೈವರ್ ಪಕ್ಕ ಹೋಗಿ ಕೂರಿ. ಅಲ್ಲಿಂದ ನಿಮ್ಮ ಲಾಂಚ್ ಪಾಯಿಂಟ್ ಹೇಗೆ ಕಾಣುತ್ತದೆ ನೋಡಿ. ದೀಪ ಮಿನುಗಿದ್ದು ಕಂಡ ಮೇಲೆ ಅವರು ಎಷ್ಟು ಮೆಲ್ಲಗೆ ಶುರುಮಾಡುತ್ತಾರೆ, ಗ್ಲೈಡರ್ ಏರುವ ಕೋನ ನೋಡಿ ಹೇಗೆ ಶಕ್ತಿ ಇಳಿಸುತ್ತಾರೆ, ಪೈಲಟ್ ಬಾಲವನ್ನು ಅತ್ತಿತ್ತ ಆಡಿಸಿ ವೇಗ ಜಾಸ್ತಿಯಾಯಿತು ಅಂದರೆ ಅದನ್ನು ಹೇಗೆ ಗುರುತಿಸುತ್ತಾರೆ, ಎಲ್ಲ ಗಮನಿಸಿ. ಗ್ಲೈಡರಿನಿಂದ ಕೇಬಲ್ ಬಿಡದೇ ಹೋದರೆ ಅದನ್ನು ಕತ್ತರಿಸುವ ಹಿಡಿಕೆ ಎಲ್ಲಿದೆ ಅಂತ ತೋರಿಸಲು ಹೇಳಿ. ಅದಾದ ಮೇಲೆ ಬಂದು ಮತ್ತೆ ರೆಕ್ಕೆ ಹಿಡಿಯಿರಿ. ಏನು ವ್ಯತ್ಯಾಸ ಅನ್ನಿಸಿತು ಅಂತ ನನಗೆ ಬರೆಯಿರಿ.